ಲೋಟಸ್ 72: ಬೆಣೆಯಾಕಾರದ ರೇಸ್ ಕಾರಿನ ಆರು ವರ್ಷ

ಬ್ರಿಟನ್ನಿನ ಲೋಟಸ್ ತಂಡ 1970ರಿಂದ 1975ರವರೆಗೆ ಫಾರ್ಮುಲಾ ಒನ್ ಕಣಕ್ಕಿಳಿಸಿದ ಒಂಟಿ ಆಸನದ ರೇಸ್ ಕಾರು ಲೋಟಸ್ 72. ತಂಡದ ಸ್ಥಾಪಕ ಕಾಲಿನ್ ಚಾಪ್‌ಮನ್ ಮತ್ತು ವಿನ್ಯಾಸಕಾರ ಮಾರಿಸ್ ಫಿಲಿಪ್ ಇದನ್ನು ರೂಪಿಸಿದರು. 20 ಗ್ರ್ಯಾನ್ ಪ್ರಿ ಗೆಲುವು, ಚಾಲಕರ ವಿಭಾಗದಲ್ಲಿ ಎರಡು ಮತ್ತು ತಯಾರಕರ ವಿಭಾಗದಲ್ಲಿ ಮೂರು ವಿಶ್ವ ಪ್ರಶಸ್ತಿ ಇದರ ಗಳಿಕೆ.

1967ರಲ್ಲಿ ಫೋರ್ಡ್ ಹಣದ ನೆರವಿನಿಂದ ತಯಾರಾದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ ಮೊದಲ ವರ್ಷ ಲೋಟಸ್ 49 ಕಾರಿಗೆ ಮಾತ್ರ ಮೀಸಲಾಗಿತ್ತು. ಮರುವರ್ಷದಿಂದ ಅದು ಉಳಿದ ತಂಡಗಳಿಗೂ ಸಿಕ್ಕಿತು. ಹಲವು ತಂಡಗಳ ಬಳಿ ಅದೇ ಎಂಜಿನ್ ಇದ್ದಾಗ ಮೇಲುಗೈ ಸಾಧಿಸಲು ಕಾರಿನ ದೇಹ, ಜೋಡಣೆಗಳಲ್ಲೇ ಹೊಸತನ ಬೇಕಾಯಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಲೋಟಸ್ 63 ಎಂಬ ಪ್ರಯೋಗ 1969ರಲ್ಲಿ ಸೋತಿತು. ಆ ಬಳಿಕ ಚಾಪ್‌ಮನ್ 72ರತ್ತ ತಿರುಗಿದರು.

ಅದುವರೆಗಿನ ಕಾರುಗಳಲ್ಲಿ ರೇಡಿಯೇಟರ್ ಸಾಮಾನ್ಯವಾಗಿ ಮೂತಿಯಲ್ಲಿರುತ್ತಿತ್ತು. 72ರಲ್ಲಿ ಅದನ್ನು ಎರಡಾಗಿಸಿ ಚಾಲಕನ ಹಿಂದೆ, ಇಕ್ಕೆಲಗಳಲ್ಲಿ ಕೂರಿಸಲಾಯಿತು. ಇದರಿಂದ ಮೂತಿ ಚಪ್ಪಟೆಯಾಗಿ ಇಡೀ ಕಾರು ಬೆಣೆಯ ಆಕಾರ ಪಡೆಯಿತು. ಗಾಳಿಯ ತಡೆ ಕಡಿಮೆಯಾಯಿತು, ತೂಕ ಹಿಂದಕ್ಕೆ ಸರಿದು ಹಿಂಚಕ್ರಗಳ ಹಿಡಿತ ಹೆಚ್ಚಿತು. ಮುಂದಿನ ಬ್ರೇಕ್‌ಗಳನ್ನು ಚಕ್ರಗಳಿಂದ ಬಿಡಿಸಿ ಕಾರಿನ ದೇಹಕ್ಕೇ ಜೋಡಿಸಲಾಯಿತು. ಚಕ್ರಗಳು ಹಗುರಾಗಿ ರಸ್ತೆಯ ಏರಿಳಿತಕ್ಕೆ ಬೇಗ ಸ್ಪಂದಿಸಿದವು. ಬ್ರೇಕಿನ ಬಿಸಿ ಟೈರ್‌ಗೆ ತಗಲದ ಕಾರಣ ಮೆತ್ತನೆಯ ರಬ್ಬರ್ ಬಳಸಲು ಸಾಧ್ಯವಾಯಿತು. ಸುರುಳಿ ಸ್ಪ್ರಿಂಗ್‌ಗಳ ಜಾಗಕ್ಕೆ ತಿರುಚಿಕೊಂಡು ಮರಳುವ ಟಾರ್ಷನ್ ಬಾರ್‌ಗಳು ಬಂದವು.

1970ರ ಏಪ್ರಿಲ್‌ನಲ್ಲಿ ಸ್ಪೇನಿನ ಹರಾಮಾದಲ್ಲಿ ನಡೆದ ಮೊದಲ ಓಟ ನಿರಾಸೆ ತಂದಿತು. ಬ್ರೇಕ್ ಒತ್ತಿದಾಗ ಮೂತಿ ಬಾಗದಂತೆ, ವೇಗ ಹೆಚ್ಚಿಸಿದಾಗ ಹಿಂಭಾಗ ಕುಸಿಯದಂತೆ ತಡೆಯುವ ಸಸ್ಪೆನ್ಷನ್ ಜೋಡಣೆಯಿಂದಾಗಿ ಕಾರಿನ ವರ್ತನೆಯನ್ನು ಅಂದಾಜಿಸುವುದೇ ಚಾಲಕರಿಗೆ ಕಷ್ಟವಾಗಿತ್ತು. ಆ ಜೋಡಣೆಯನ್ನು ಕೈಬಿಟ್ಟ ಮೇಲೆ ಆಸ್ಟ್ರಿಯಾದ ಯೋಹೆನ್ ರಿಂಟ್ ಜೂನ್‌ನಿಂದ ಆಗಸ್ಟ್‌ವರೆಗೆ ನೆದರ್‌ಲೆಂಡ್ಸ್, ಫ್ರಾನ್ಸ್, ಬ್ರಿಟನ್, ಜರ್ಮನಿಗಳಲ್ಲಿ ಸತತ ನಾಲ್ಕು ರೇಸ್ ಗೆದ್ದರು. ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಅವರ ಕಾರು ತಡೆಗೋಡೆಗೆ ಅಪ್ಪಳಿಸಿ ಅವರು ಮೃತಪಟ್ಟರು. ಮುಂದಿನ ಬ್ರೇಕಿನ ಶಾಫ್ಟ್ ಮುರಿದದ್ದು ಅಪಘಾತಕ್ಕೆ ಮೂಲವೆಂದೂ ತಡೆಗೋಡೆಯನ್ನು ಸರಿಯಾಗಿ ಅಳವಡಿಸದಿದ್ದುದು ಸಾವಿಗೆ ಕಾರಣವೆಂದೂ ತನಿಖೆ ಹೇಳಿತು. ಅಕ್ಟೋಬರ್‌ನಲ್ಲಿ ಅಮೆರಿಕದ ವಾಟ್‌ಕಿನ್ಸ್ ಗ್ಲೆನ್‌ನಲ್ಲಿ ಬ್ರೆಜಿಲ್‌ನ ಎಮರ್ಸನ್ ಫಿಟಿಪಾಲ್ಡಿ 72ರಲ್ಲಿ ಗೆದ್ದಾಗ ಫೆರಾರಿಯ ಜಾಕಿ ಇಕ್ಸ್‌ಗೆ ರಿಂಟ್ ಅವರ 45 ಅಂಕ ದಾಟುವ ಅವಕಾಶ ಉಳಿಯಲಿಲ್ಲ. ಮರಣೋತ್ತರವಾಗಿ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿ ಪಡೆದವರು ರಿಂಟ್ ಒಬ್ಬರೇ.

1971ರಲ್ಲಿ ತಂಡಕ್ಕೆ ಒಂದೂ ಗ್ರ್ಯಾನ್ ಪ್ರಿ ಗೆಲುವು ಸಿಗಲಿಲ್ಲ. ಮರುವರ್ಷ ಜಾನ್ ಪ್ಲೇಯರ್ ಸ್ಪೆಷಲ್ ಸಿಗರೇಟಿನ ಕಪ್ಪು–ಬಂಗಾರದ ಬಣ್ಣ ತೊಟ್ಟ 72ಡಿ ಮಾದರಿಯಲ್ಲಿ ಫಿಟಿಪಾಲ್ಡಿ ಐದು ರೇಸ್ ಗೆದ್ದು, 25ನೇ ವಯಸ್ಸಿನಲ್ಲಿ ಅಂದಿನ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು. 1973ರಲ್ಲಿ ಸ್ವೀಡನ್ನಿನ ರೋನಿ ಪೀಟರ್ಸನ್ ಜೊತೆಗೂಡಿದರು. ಪೀಟರ್ಸನ್ ನಾಲ್ಕು, ಫಿಟಿಪಾಲ್ಡಿ ಮೂರು ರೇಸ್ ಗೆದ್ದರು. ಅಂಕಗಳು ಇಬ್ಬರಲ್ಲಿ ಹಂಚಿಹೋಗಿ ಚಾಲಕರ ಪ್ರಶಸ್ತಿ ಟಿರೆಲ್ ತಂಡದ ಜಾಕಿ ಸ್ಟೂವರ್ಟ್ ಪಾಲಾಯಿತು. ತಯಾರಕರ ಪ್ರಶಸ್ತಿ ಲೋಟಸ್‌ಗೆ ಸಂದಿತು. ಡಿಕ್ಕಿಯ ಆಘಾತ ಹೀರುವ ಪಕ್ಕದ ರಕ್ಷಾಕವಚ ಕಡ್ಡಾಯವಾದಾಗ ಕಾರನ್ನು ಅದಕ್ಕೆ ತಕ್ಕಂತೆ 72ಇ ರೂಪಕ್ಕೆ ಬದಲಾಯಿಸಲಾಯಿತು.

1974ರಲ್ಲಿ ಉತ್ತರಾಧಿಕಾರಿಯಾಗಿ ಬಂದ ಲೋಟಸ್ 76ರಲ್ಲಿ ಗೇರ್ ಹಿಡಿಯ ಗುಂಡಿಯೊತ್ತಿ ಕ್ಲಚ್ ಬಿಡಿಸುವ ವಿದ್ಯುತ್ ವ್ಯವಸ್ಥೆ ಇತ್ತು. ಅದು ನಂಬಿಕೆಗೆ ಅರ್ಹವಾಗದೆ ತಂಡ ಮತ್ತೆ ಹಳೆಯ 72ಕ್ಕೇ ಮರಳಿತು. ಪೀಟರ್ಸನ್ ಅದರಲ್ಲೇ ಮೊನಾಕೊ, ಡಿಜಾನ್, ಮೊಂಜಾಗಳಲ್ಲಿ ಗೆದ್ದರು. 1975ರ ಹೊತ್ತಿಗೆ ಟೈರ್‌ಗಳು ಹೊಸ ಕಾರುಗಳಿಗೆ ಒಗ್ಗುವಂತೆ ಬದಲಾಗಿದ್ದವು. ಆ ವರ್ಷ ಗೆಲುವು ದಕ್ಕಲಿಲ್ಲ. ಅಕ್ಟೋಬರ್‌ನಲ್ಲಿ ವಾಟ್‌ಕಿನ್ಸ್ ಗ್ಲೆನ್‌ನಲ್ಲಿ ಕೊನೆಯ ಓಟ ಮುಗಿಸಿದ ಕಾರಿನ ಸ್ಥಾನಕ್ಕೆ 1976ರಲ್ಲಿ ಲೋಟಸ್ 77 ಬಂತು.

72ರ ಎಲ್ಲ ಹೊಸತುಗಳೂ ಉಳಿಯಲಿಲ್ಲ. ದೇಹಕ್ಕೆ ಜೋಡಿಸಿದ ಮುಂದಿನ ಬ್ರೇಕ್ ಕ್ರಮೇಣ ಮರೆಯಾಯಿತು. ಆದರೆ ರೇಡಿಯೇಟರ್‌ಗಳನ್ನು ಇಕ್ಕೆಲಗಳಲ್ಲಿಡುವ ಪದ್ಧತಿ ಇಂದಿನ ಫಾರ್ಮುಲಾ ಒನ್ ಕಾರುಗಳಲ್ಲೂ ಮುಂದುವರಿದಿದೆ.