ಕಂಬದ ಬಾಗು, ಗಾಜಿನ ಮಸುಕು

ಹರದನಹಳ್ಳಿ ಚಾಮರಾಜನಗರಕ್ಕೆ ಸಮೀಪದ ಊರು. ವಚನ ಸಾಹಿತ್ಯವನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ೭೦೧ ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕೊಟ್ಟು, ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು ಇದೆಂದು ಪರಂಪರೆ ಹೇಳುತ್ತದೆ. ಊರಿನ ದಿವ್ಯಲಿಂಗೇಶ್ವರ ದೇವಾಲಯದ ಮಂಟಪದಲ್ಲಿ ೧೯೭೪ರಲ್ಲಿ ನಮ್ಮ ತಂದೆಯವರು ತೆಗೆದ ಕಪ್ಪು-ಬಿಳುಪು ಚಿತ್ರವೊಂದು ನಮ್ಮ ಮನೆಯಲ್ಲಿದೆ. ಎರಡು ಕಂಬಗಳ ನಡುವೆ ನಮ್ಮ ಅಜ್ಜಿ ಕುಳಿತಿದ್ದಾರೆ. ಅವರ ಬಿಳಿಯ ಸೀರೆಯ ಅಂಚಿನಿಂದ ಹೊಗೆಯಂತಹ ಬೆಳಕೊಂದು ಹೊರಟು ಸುತ್ತಲೂ ಹರಡಿದೆ. ಚಿತ್ರದ ಎರಡು ಅಂಚುಗಳಲ್ಲಿರುವ ಕಂಬಗಳು ನಡುವಿನಲ್ಲಿ ಹೊಟ್ಟೆ ಬಂದವುಗಳಂತೆ ಹೊರಕ್ಕೆ ಬಾಗಿವೆ.

ಈ ಚಿತ್ರಕ್ಕೆ ನಮ್ಮ ಮನೆಯಲ್ಲಿ ಒಂದು ವ್ಯಾಖ್ಯಾನವಿತ್ತು. ಅದು ಮಾರ್ಗಶಿರದ ಬೆಳಗು. ಮಂಜು ಮಂಟಪದೊಳಗೂ ನುಗ್ಗಿತ್ತು. ಕಂಬಗಳನ್ನು ಕಡೆದ ಶಿಲ್ಪಿ ಅವನ್ನು ಹಾಗೆಯೇ ಕಡೆದಿದ್ದ. ಅಜ್ಜಿಯನ್ನು ಕುರಿತ ಮಾತು ಬಂದಾಗಲೆಲ್ಲ ಆ ಮಂಜು ಬರುತ್ತಿತ್ತು. ಅಜ್ಜಿಯನ್ನು ನೋಡದ ಮೊಮ್ಮಕ್ಕಳಿಗೆ ಅಜ್ಜಿ ಎಂದರೆ ಮಂಜಿನಲ್ಲಿ ಕುಳಿತ ಒಬ್ಬ ಹೆಂಗಸು.

ತಂದೆಯವರು ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಕ್ಯಾಮೆರಾದ ಲೆನ್ಸೊಂದು ನನಗೆ ದೊರೆಯಿತು. ಕ್ಯಾಮೆರಾ ಎಂದೋ ಕೆಟ್ಟು ಹೋಗಿತ್ತು. ಆ ಕಾಲದಲ್ಲಿ ಗುಂಡ್ಲುಪೇಟೆಯ ದಾರಿಯಾಗಿ ಘಟ್ಟ ಹತ್ತಿದರೆ ಸಿಗುವ ಉದಕಮಂಡಲದಲ್ಲಿ, ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯಲ್ಲಿ, ‘ಇಂದು’ ಎಂಬ ಹೆಸರಿನ ಫಿಲಂ ತಯಾರಾಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಫಿಲಂ ನೆರೆಯಲ್ಲೇ ಹುಟ್ಟಿದರೂ ಇಂತಹ ಲೆನ್ಸು ಮಾತ್ರ ಕಡಲಾಚೆಯಿಂದಲೇ ಬರಬೇಕಾಗಿತ್ತು. ಇದನ್ನು ತಂದುಕೊಟ್ಟವರು ಹೊರದೇಶದಲ್ಲಿದ್ದ ನೆಂಟರೊಬ್ಬರು. ಅದರ ಮುಂಬದಿಯ ಬಳೆಯ ಮೇಲೆ ೪೩ ಮತ್ತು ೮೬ ಎಂಬ ಎರಡು ಸಂಖ್ಯೆಗಳಿದ್ದುವು. ಅವುಗಳ ಜಾಡು ಹಿಡಿದು ಹೋದಾಗ ನನಗೆ ತಿಳಿದ ಚರಿತ್ರೆ ಇದು.

ಸಾಮಾನ್ಯ ಲೆನ್ಸಿಗೆ ಒಂದೇ ನಾಭಿದೂರವಿರುತ್ತದೆ. ದೂರದ ವಸ್ತು ದೊಡ್ಡದಾಗಿ ಕಾಣಬೇಕಾದರೆ ಛಾಯಾಗ್ರಾಹಕ ಹತ್ತಿರ ಹೋಗಬೇಕು, ಇಲ್ಲವೇ ಲೆನ್ಸನ್ನೇ ಬದಲಾಯಿಸಬೇಕು. ಒಂದೇ ಕೊಳವೆಯೊಳಗೆ ಗಾಜುಗಳನ್ನು ಹಿಂದೆ ಮುಂದೆ ಸರಿಸಿ ನಾಭಿದೂರವನ್ನೇ ಬದಲಿಸುವುದು ಝೂಮ್ ಲೆನ್ಸಿನ ಉಪಾಯ. ಚಲನಚಿತ್ರಕ್ಕೆ ಇಂತಹ ಲೆನ್ಸು ೧೯೩೨ರಲ್ಲಿಯೇ ಬಂದಿತ್ತು. ಸ್ಥಿರಚಿತ್ರದ ೩೫ ಮಿಲಿಮೀಟರ್ ಕ್ಯಾಮೆರಾಕ್ಕೆ ಅದು ಬಂದದ್ದು ೧೯೫೯ರಲ್ಲಿ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಾಂಕ್ ಬ್ಯಾಕ್ ರೂಪಿಸಿದ, ಫೋಕ್ಟ್‌ಲೆಂಡರ್ ಸಂಸ್ಥೆಯ ಹೆಸರಿನಲ್ಲಿ ಮಾರಾಟವಾದ ‘ಝೂಮಾರ್’ ಅದು. ಅದರೊಳಗೆ ೧೪ ಗಾಜುಗಳಿದ್ದುವು. ಅದು ಭಾರವೂ ಹೌದು, ದುಬಾರಿಯೂ ಹೌದು.

ನಾಲ್ಕು ವರ್ಷಗಳ ಅನಂತರ, ೧೯೬೩ರಲ್ಲಿ, ಜಪಾನಿನ ನಿಕಾನ್ ಸಂಸ್ಥೆ ೪೩ರಿಂದ ೮೬ ಮಿಲಿಮೀಟರ್ ನಾಭಿದೂರದ ಝೂಮ್ ಲೆನ್ಸನ್ನು ಹೊರತಂದಿತು. ಅದರ ರಚನೆಕಾರ ಹಿಗುಚಿ ತಕಾಶಿ. ೩೫ ಮಿಲಿಮೀಟರ್ ಫಿಲಂ ಚೌಕಟ್ಟಿನ ಕರ್ಣ ಸುಮಾರು ೪೩ ಮಿಲಿಮೀಟರ್. ಅದರ ಇಮ್ಮಡಿ ೮೬. ಸಂಖ್ಯೆಗಳ ಗುಟ್ಟು ಇಷ್ಟೇ. ಇದರೊಳಗಿನ ಗಾಜುಗಳು ೯ ಮಾತ್ರ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಒಂದೇ ಬಳೆಯನ್ನು ತಿರುಗಿಸಿದರೆ ಬಿಂಬ ಸ್ಪಷ್ಟವಾಗುತ್ತದೆ, ಅದನ್ನೇ ಹಿಂದೆ ಮುಂದೆ ಎಳೆದರೆ ನಾಭಿದೂರ ಬದಲಾಗುತ್ತದೆ.

ಆದರೆ ಗಾಜು ಕಡಿಮೆಯಾದಷ್ಟೂ ದೋಷವನ್ನು ತಿದ್ದುವ ಅವಕಾಶವೂ ಕಡಿಮೆ. ಬೆಳಕಿನ ಕಿರಣಗಳು ಗಾಜಿನ ಅಂಚಿನಿಂದ ಬಂದಾಗ ಒಂದೆಡೆ, ನಡುವಿನಿಂದ ಬಂದಾಗ ಇನ್ನೊಂದೆಡೆ ಕೂಡುತ್ತವೆ. ಇದರಿಂದ ಬಿಳಿಯ ವಸ್ತುವಿನ ಸುತ್ತ ಮಸುಕಾದ ಪ್ರಭೆ ಏಳುತ್ತದೆ. ಗಾಜಿನ ಪ್ರತಿಯೊಂದು ಮೈಯೂ ಒಂದಿಷ್ಟು ಬೆಳಕನ್ನು ಹಿಂದಿರುಗಿಸುವುದರಿಂದ ಕಪ್ಪು ಬೂದಿಯಾಗುತ್ತದೆ. ಅದನ್ನು ತಡೆಯುವ ಹಲವು ಪದರಗಳ ಲೇಪ ಬಳಕೆಗೆ ಬಂದದ್ದು ೧೯೭೦ರ ದಶಕದಲ್ಲಿ. ನಾಭಿದೂರ ೪೩ ಇದ್ದಾಗ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ, ೮೬ ಇದ್ದಾಗ ಒಳಕ್ಕೆ ಬಾಗುತ್ತವೆ. ಇದು ಅಜ್ಞಾನದ ಫಲವಲ್ಲ. ಫುಜಿ ಫಿಲಂ ಸಂಸ್ಥೆಯಲ್ಲಿ ಒಕಾಜಕಿ ಬುಂಜಿ ೧೯೫೬ರಲ್ಲಿ ಮುಗಿಸಿದ ‘ಫುಜಿಕ್’, ಅಂದರೆ ಜಪಾನಿನ ಮೊದಲ ಎಲೆಕ್ಟ್ರಾನಿಕ್ ಗಣಕಯಂತ್ರ, ಹುಟ್ಟಿದ್ದೇ ಲೆನ್ಸಿನ ಕಿರಣಗಳ ಲೆಕ್ಕಕ್ಕಾಗಿ. ಅದಕ್ಕೆ ಮೊದಲು ಈ ಲೆಕ್ಕವನ್ನೆಲ್ಲ ಲಾಗರಿತಮ್ ಕೋಷ್ಟಕಗಳನ್ನಿಟ್ಟುಕೊಂಡು ಕೈಯಿಂದಲೇ ಮಾಡಬೇಕಾಗಿತ್ತು. ಲೆನ್ಸು ಚಿಕ್ಕದಾಗಬೇಕು, ಅಗ್ಗವಾಗಬೇಕು ಎಂಬುದಕ್ಕಾಗಿ ರಚನೆಕಾರ ಏನನ್ನು ಬಿಟ್ಟುಕೊಟ್ಟನೋ ಅದೇ ನಮ್ಮ ಕಣ್ಣಿಗೆ ಮಸುಕಾಗಿ ಕಾಣುತ್ತದೆ. ೧೯೭೬ರಲ್ಲಿ ಅದೇ ಸಂಸ್ಥೆ ೧೧ ಗಾಜುಗಳ ಹೊಸ ರಚನೆಯನ್ನು ತಂದು ಹಳೆಯದನ್ನು ಪರಿಷ್ಕರಿಸಿತು. ತಂದೆಯವರ ಲೆನ್ಸು ಅದಕ್ಕೂ ಹಿಂದಿನದು.

ಮಸುಕನ್ನು ದೋಷವೆಂದು ಎಣಿಸದವರೂ ಇದ್ದರು. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಇಂಗ್ಲೆಂಡಿನಲ್ಲಿ ತೆಗೆದ ಮಸುಕು ಮುಖಚಿತ್ರಗಳನ್ನು ಅಂದಿನ ವಿಮರ್ಶಕರು ಕೈಬಾರದ ಕೆಲಸವೆಂದು ಜರೆದರು. ಇಂದು ಅವು ಛಾಯಾಗ್ರಹಣದ ಚರಿತ್ರೆಯಲ್ಲಿ ಗೌರವದ ಸ್ಥಾನ ಪಡೆದಿವೆ. ಆದರೆ ಆಕೆ ಬೇಕೆಂದೇ ಮಾಡಿದ್ದು ಅದು. ನಮ್ಮ ತಂದೆಯವರು ಬೇಕೆಂದು ಮಾಡಿದ್ದರೆ? ನಾನು ಹರದನಹಳ್ಳಿಗೆ ಮತ್ತೆ ಹೋದದ್ದು ಈ ಪ್ರಶ್ನೆಯನ್ನು ಹೊತ್ತು.

ಹಳೆಯ ಲೆನ್ಸನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಕೂಡಿಸುವುದು ಕಷ್ಟವಲ್ಲ. ಹಳೆಯ ನಿಕಾನ್ ಕ್ಯಾಮೆರಾದೊಳಗೆ ಕನ್ನಡಿಯಿದ್ದುದರಿಂದ ಲೆನ್ಸಿನ ಬುಡಕ್ಕೂ ಫಿಲಮಿಗೂ ೪೬.೫ ಮಿಲಿಮೀಟರ್ ಅಂತರವಿತ್ತು. ಇಂದಿನ ಕನ್ನಡಿಯಿಲ್ಲದ ದೊಡ್ಡ ಕ್ಯಾಮೆರಾಗಳಲ್ಲಿ ಈ ಅಂತರ ೧೬ರಿಂದ ೨೦ ಮಿಲಿಮೀಟರ್. ಉಳಿದ ಅಂತರವನ್ನು ತುಂಬಲು ನಡುವೆ ಒಂದು ಲೋಹದ ಬಳೆ ಸಾಕು, ಅದರಲ್ಲಿ ಗಾಜಿಲ್ಲ. ಬಿಂಬವನ್ನು ಕೈಯಿಂದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಅದಕ್ಕಾಗಿ ಕ್ಯಾಮೆರಾದ ಪರದೆಯ ಮೇಲೆ ಬಿಂಬದ ಒಂದು ತುಣುಕನ್ನು ಹಿಗ್ಗಿಸಿ ನೋಡಬಹುದು. ಅಪರ್ಚರಿನ ಬಳೆಯನ್ನೂ ಬೆರಳಿನಿಂದಲೇ ತಿರುಗಿಸಬೇಕು. ಯಾವ ಸಂಖ್ಯೆಯಲ್ಲಿ ತೆಗೆದೆವೆಂಬುದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ, ನಾವೇ ಬರೆದಿಟ್ಟುಕೊಳ್ಳಬೇಕು. ನಾನೊಂದು ಟಿಪ್ಪಣಿ ಪುಸ್ತಕವನ್ನು ಒಯ್ದಿದ್ದೆ.

ಅರ್ಚಕರ ಅನುಮತಿ ಪಡೆದು ಮಂಟಪದಲ್ಲಿ ಕ್ಯಾಮೆರಾ ಇರಿಸಿದೆ. ಅವರು ಬಂದು ನೋಡಿ, “ಇಷ್ಟು ಹೊಸಾ ಕ್ಯಾಮೆರಾಕ್ಕೆ ಯಾಕೆ ಸ್ವಾಮಿ ಆ ಹಳೇ ಗಾಜು?” ಎಂದರು. ನಾನು ಚಿತ್ರವನ್ನು ತೋರಿಸಿದೆ. ಅವರು ಕಂಬದ ಮೇಲೆ ಕೈಯಿಟ್ಟು ಮೇಲಿನಿಂದ ಕೆಳಗಿನವರೆಗೆ ಸವರಿ, “ಇದು ನೆಟ್ಟಗಿದೆಯಲ್ಲ!” ಎಂದರು. ಅವರ ಅಂಗೈ ನಮ್ಮ ಮನೆಯ ಅರ್ಧ ವ್ಯಾಖ್ಯಾನವನ್ನು ಒಂದೇ ಗಳಿಗೆಯಲ್ಲಿ ಅಳಿಸಿತು.

ಉಳಿದರ್ಧವನ್ನು ಕ್ಯಾಮೆರಾ ಅಳಿಸಿತು. ಅದು ಬೇಸಗೆಯ ನಡುಹಗಲು. ಮಂಜಿನ ಸುಳಿವೂ ಇರಲಿಲ್ಲ. ಬಿಳಿಯ ಪಂಚೆಯೊಂದನ್ನು ಅಜ್ಜಿ ಕುಳಿತಿದ್ದ ಜಾಗದಲ್ಲಿಟ್ಟು, ನಾಭಿದೂರವನ್ನು ೪೩ಕ್ಕೆ ತಂದು, ಅಪರ್ಚರನ್ನು ಪೂರ್ಣ ತೆರೆದು, ಎಂದರೆ ೩.೫ರಲ್ಲಿ, ಚಿತ್ರ ತೆಗೆದೆ. ಅದೇ ಪ್ರಭೆ, ಅದೇ ಹೊಗೆ, ಅದೇ ಹೊಟ್ಟೆ ಬಂದ ಕಂಬ. ಅಪರ್ಚರನ್ನು ೮ಕ್ಕೆ ಕಿರಿದುಗೊಳಿಸಿ ಮತ್ತೆ ತೆಗೆದೆ. ಕಂಬ ಬಾಗಿಯೇ ಇತ್ತು, ಆದರೆ ಹೊಗೆ ಮಾಯವಾಗಿ ಪಂಚೆಯ ನೂಲು ನೂಲೂ ಎದ್ದು ಕಂಡಿತು. ಮಂಜು ಮಂಟಪದ್ದಲ್ಲ, ಗಾಜಿನದು.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಗೆದ್ದ ಸಂತೋಷವಾಗಲಿಲ್ಲ. ಮನೆಯಿಂದ ಏನನ್ನೋ ಕದ್ದಂತಾಯಿತು. ಆದರೆ ಟಿಪ್ಪಣಿ ಪುಸ್ತಕವನ್ನು ನೋಡುತ್ತಿದ್ದಂತೆ ಇನ್ನೊಂದು ಸಂಗತಿ ಹೊಳೆಯಿತು. ಅಪರ್ಚರ್ ೮ರಲ್ಲಿ ಒಳಬರುವ ಬೆಳಕು ೩.೫ರಲ್ಲಿ ಬರುವುದರ ಐದನೆಯ ಒಂದು ಭಾಗದಷ್ಟು. ಆ ಕೊರತೆಯನ್ನು ಇಂದಿನ ಸೆನ್ಸರು ತುಂಬಿಕೊಡುತ್ತದೆ. ಅಂದಿನ ಫಿಲಮಿನಲ್ಲಿ, ಮಂಟಪದ ಆ ನಸುಗತ್ತಲಲ್ಲಿ, ಫ್ಲಾಶ್ ಇಲ್ಲದೆ, ಅಷ್ಟು ಕಿರಿದುಗೊಳಿಸಿದ್ದರೆ ಷಟರು ಐದು ಪಾಲು ಹೊತ್ತು ತೆರೆದಿರಬೇಕಾಗುತ್ತಿತ್ತು. ಅಜ್ಜಿಗೆ ತಲೆಯಲ್ಲಿ ಸಣ್ಣ ನಡುಕವಿತ್ತು. ಆಗ ಅವರ ಮುಖವೇ ಕಲೆಸಿ ಹೋಗುತ್ತಿತ್ತು. ತಂದೆಯವರು ಗಾಜಿನ ಮಸುಕನ್ನು ಒಪ್ಪಿಕೊಂಡು ಮುಖವನ್ನು ಉಳಿಸಿಕೊಂಡರು. ಚಿತ್ರದ ನಡುವೆ ಅಜ್ಜಿಯ ಕಣ್ಣುಗಳು ಇಂದಿಗೂ ಅಲುಗದೆ ನಿಂತಿವೆ.

ಶಾಸನಗಳನ್ನು ಓದುವವರಿಗೆ ಈ ವಿವೇಕ ಹೊಸದಲ್ಲ. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಸೇರಿವೆ. ಶಾಸನವನ್ನು ಓದುವಾತ ಕಲ್ಲು ಹೇಳಿದ್ದೆಷ್ಟು, ಕಡೆದವನ ಕೈತಪ್ಪು ಎಷ್ಟು ಎಂಬುದನ್ನು ಬೇರ್ಪಡಿಸುತ್ತಾನೆ. ಬೇರ್ಪಡಿಸಿದ ಮೇಲೆಯೂ ಕೈತಪ್ಪನ್ನು ಎಸೆಯುವುದಿಲ್ಲ. ಕಡೆದವನ ಉಚ್ಚಾರಣೆ, ಅವನ ಕಾಲ, ಅವನ ಅವಸರ ಎಲ್ಲವೂ ತಿಳಿಯುವುದು ಆ ತಪ್ಪಿನಿಂದಲೇ. ಹಳೆಯ ಲೆನ್ಸೂ ಒಬ್ಬ ಲಿಪಿಕಾರ. ಇಂದು ಗಣಕಯಂತ್ರದಲ್ಲಿ ಒಂದು ಗುಂಡಿಯನ್ನೊತ್ತಿದರೆ ಬಾಗಿದ ಕಂಬ ನೆಟ್ಟಗಾಗುತ್ತದೆ, ಪ್ರಭೆ ಕರಗುತ್ತದೆ. ದೇವಾಲಯದ ಕಂಬವನ್ನು ಅಳೆಯುವವನು ಹಾಗೆ ಮಾಡಲೇಬೇಕು. ಶಾಸನದ ಅಕ್ಷರ ಬೇಕಾದವನು ಈ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬರುವುದು ಮೇಲು. ಆದರೆ ತಿದ್ದಿದ ಪ್ರತಿಯ ಪಕ್ಕದಲ್ಲಿ ಮೂಲವೂ ಇರಬೇಕು.

ಇನ್ನೊಂದು ಮಾತು. ಈ ಲೆನ್ಸು ಹುಟ್ಟಿದ ಕಾಲದಲ್ಲಿ ಚಿತ್ರಗಳನ್ನು ಅಂಗೈಯಗಲದ ಕಾಗದದ ಮೇಲೆ ನೋಡುತ್ತಿದ್ದರು. ಇಂದಿನ ಸಾಮಾನ್ಯ ಕ್ಯಾಮೆರಾದ ಚಿತ್ರ ಅಗಲದಲ್ಲಿ ೬೦೦೦ ಬಿಂದುಗಳದು. ಅದನ್ನು ಪರದೆಯ ಮೇಲೆ ಪೂರ್ಣ ಹಿಗ್ಗಿಸಿ ನೋಡುವುದೆಂದರೆ ಸುಮಾರು ಐದಡಿ ಅಗಲದ ಚಿತ್ರಕ್ಕೆ ಮೂಗು ತಾಗಿಸಿ ನೋಡಿದಂತೆ. ಹಳಬರನ್ನು ಅವರಿಗೆ ಯಾರೂ ಕೇಳದಿದ್ದ ಪ್ರಶ್ನೆಗಳಿಂದ ಪರೀಕ್ಷಿಸಿ ಅನುತ್ತೀರ್ಣರೆನ್ನುವುದು ಸುಲಭ.

ಮನೆಗೆ ಬಂದು ಚಿತ್ರವನ್ನು ಗೋಡೆಗೆ ಮತ್ತೆ ತೂಗುಹಾಕಿದೆ. ಮಂಜಿನ ಕಥೆಯನ್ನು ಮಕ್ಕಳಿಗೆ ಈಗ ಹೇಳುವುದಿಲ್ಲ. ಕತ್ತಲೆಯ ಮಂಟಪದಲ್ಲಿ, ತಲೆ ನಡುಗುತ್ತಿದ್ದ ತಾಯಿಯ ಮುಂದೆ, ಬಳೆಯನ್ನು ಕೊನೆಯವರೆಗೆ ತಿರುಗಿಸಿ ಉಸಿರು ಹಿಡಿದು ನಿಂತ ಒಬ್ಬ ಮಗನ ಕಥೆಯನ್ನು ಹೇಳುತ್ತೇನೆ.