ಆಡುಸೋಗೆ

ಆಡುಸೋಗೆ ಅಕ್ಯಾಂತೇಸೀ ಕುಟುಂಬಕ್ಕೆ ಸೇರಿದ, ಆಳೆತ್ತರಕ್ಕೂ ಮೀರಿ ಪೊದೆಯಾಗಿ ಬೆಳೆಯುವ ನಿತ್ಯಹಸುರಿನ ಔಷಧೀಯ ಸಸ್ಯ. ಸಂಸ್ಕೃತದಲ್ಲಿ ಇದಕ್ಕೆ ವಾಸಾ, ವೃಷ, ಆಟರೂಷ ಎಂಬ ನಾಮಗಳಿರುವುದಲ್ಲದೆ, ಎರಡು ತುಟಿಗಳಾಗಿ ಸೀಳಿದ ಇದರ ಬಿಳಿಯ ಹೂವು ತೆರೆದ ಸಿಂಹದ ಬಾಯನ್ನು ಹೋಲುವುದರಿಂದ ಸಿಂಹಾಸ್ಯವೆಂಬ ಹೆಸರೂ ಉಂಟು. ಸಸ್ಯಶಾಸ್ತ್ರಜ್ಞ ಲಿನೇಯಸನು 1753ರಲ್ಲಿ ಜಸ್ಟಿಸಿಯ ಅಧಟೋಡ ಎಂದು ನಾಮಕರಣ ಮಾಡಿದಾಗ ಆಯ್ದುಕೊಂಡ ಎರಡನೆಯ ಪದವು ಆಡು ಮುಟ್ಟದ್ದು ಎಂಬರ್ಥದ ದ್ರಾವಿಡ ಶಬ್ದವೇ ಆಗಿದೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅಪವಾದವಾದ ಈ ಗಿಡವು, ಗದಗ ಜಿಲ್ಲೆಯ ಕೋಟುಮಚಗಿಯಂತಹ ಎರೆನಾಡಿನ ಗ್ರಾಮಗಳ ಹಿತ್ತಲಬೇಲಿಗೆ ಒಪ್ಪುವುದು ಈ ಗುಣದಿಂದಲೇ. ದನಕರುಗಳನ್ನು ದೂರವಿರಿಸುವ ಎಲೆಯ ಕಹಿಯೇ ಇದರ ಔಷಧಸತ್ತ್ವವೂ ಹೌದು.

ಇತಿಹಾಸ: ಚರಕಸಂಹಿತೆಯು ರಕ್ತಪಿತ್ತವೆಂಬ ರಕ್ತಸ್ರಾವದ ರೋಗಕ್ಕೆ ವಾಸಾಘೃತವೆಂಬ ಔಷಧತುಪ್ಪವನ್ನು ವಿಧಿಸಿದೆ; ಕಾಸ (ಕೆಮ್ಮು), ಶ್ವಾಸ (ಉಬ್ಬಸ), ಕ್ಷಯಗಳಲ್ಲಿಯೂ ಇದು ಪ್ರಾಚೀನರ ಆಶ್ರಯವಾಗಿತ್ತು. ಹಸಿಯ ಎಲೆಯನ್ನು ಎಷ್ಟು ಹಿಂಡಿದರೂ ರಸ ಅಲ್ಪವೇ ಇಳಿಯುವುದರಿಂದ ಪೂರ್ವಿಕರು ಪುಟಪಾಕವೆಂಬ ಉಪಾಯವನ್ನು ಕಂಡುಕೊಂಡರು: ಎಲೆಯನ್ನು ಅರೆದು ಉಂಡೆಗಟ್ಟಿ, ಬೇರೆ ಎಲೆಯಲ್ಲಿ ಸುತ್ತಿ, ಮೇಲೆ ಮಣ್ಣು ಮೆತ್ತಿ, ಆ ಮಣ್ಣು ಕೆಂಪೇರುವವರೆಗೆ ಕೆಂಡದಲ್ಲಿ ಸುಟ್ಟು, ಬಿಸಿಯಾರಿದ ಮೇಲೆ ಹಿಂಡಿ, ಬಂದ ರಸಕ್ಕೆ ಜೇನು ಬೆರೆಸಿ ಕುಡಿಸುವುದು. ರೊಟ್ಟಿ ಬೇಯಿಸಿದ ಹಂಚಿನ ಮೇಲೆ ಎಲೆಯನ್ನು ಬಾಡಿಸಿ ಹಿಂಡುವ ಮನೆಮದ್ದು ಇದರ ಸರಳ ರೂಪವೇ ಆಗಿದೆ.

ರಾಸಾಯನಿಕ ಘಟಕಗಳು: ಮದರಾಸು ಸರ್ಕಾರದ ಸೇವೆಯಲ್ಲಿ ಉದಕಮಂಡಲದಲ್ಲಿದ್ದ ಡೇವಿಡ್ ಹೂಪರನು 1888ರಲ್ಲಿ ಈ ಎಲೆಗಳಿಂದ ವ್ಯಾಸಿಸಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದನು. ಹನ್ನೊಂದು ಇಂಗಾಲ, ಹನ್ನೆರಡು ಜಲಜನಕ, ಎರಡು ಸಾರಜನಕ, ಒಂದು ಆಮ್ಲಜನಕ ಪರಮಾಣುಗಳುಳ್ಳ ಈ ಅಣುವು ಉತ್ಕರ್ಷಣ ಹೊಂದಿದಾಗ ವ್ಯಾಸಿಸಿನೋನ್ ಆಗುತ್ತದೆ. ವ್ಯಾಸಿಸಿನ್‌ನ ಮಾದರಿಯನ್ನು ಅನುಸರಿಸಿ 1960ರ ದಶಕದಲ್ಲಿ ಬಳಕೆಗೆ ತಂದ ಬ್ರೊಮ್‌ಹೆಕ್ಸಿನ್, ಅದು ದೇಹದಲ್ಲಿ ಮಾರ್ಪಟ್ಟು ಉಂಟಾಗುವ ಆಂಬ್ರಾಕ್ಸಾಲ್, ಇವೆರಡೂ ಇಂದು ಔಷಧದಂಗಡಿಗಳಲ್ಲಿ ದೊರೆಯುವ ಅನೇಕ ಕೆಮ್ಮಿನ ಔಷಧಗಳಲ್ಲಿವೆ.

ಔಷಧೀಯ ಪರಿಣಾಮ: ಕಟ್ಟಿದ ಕಫವನ್ನು ಸಡಿಲಿಸುವುದು ಆಡುಸೋಗೆಯ ಮುಖ್ಯ ಗುಣ. ಶ್ವಾಸನಾಳಗಳನ್ನು ಅಗಲಿಸುವ ಗುಣವು ಪ್ರಾಣಿಪ್ರಯೋಗಗಳಲ್ಲಿ ಕಂಡಿದೆ. ಬ್ರೊಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳು ಕ್ಷಯರೋಗಾಣುವಿನ ಬೆಳವಣಿಗೆಯನ್ನು ಪ್ರಯೋಗನಳಿಕೆಯಲ್ಲಿ ತಡೆದುದು 1996ರಲ್ಲಿ ವರದಿಯಾಯಿತು. ಆದರೆ ನಳಿಕೆಯ ಫಲವನ್ನು ರೋಗಿಯ ಚಿಕಿತ್ಸೆಯೆಂದು ಭಾವಿಸಿ ಕ್ಷಯದ ಔಷಧವನ್ನು ಬಿಡಲಾಗದು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವುದರಿಂದ ಗರ್ಭಿಣಿಯರು ಆಡುಸೋಗೆಯನ್ನು ಸೇವಿಸತಕ್ಕದ್ದಲ್ಲ.

ಔಷಧೀಯ ಸಸ್ಯಗಳಿಗೆ ಹೆಸರಾದ ಗದಗ ಜಿಲ್ಲೆಯ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದುದರಿಂದ ಗುಡ್ಡದ ಮೂಲಿಕೆಗಳಿಗೆ ಕಾನೂನಿನ ರಕ್ಷಣೆ ದೊರೆತಿದೆ. ಬೇಲಿಯ ಆಡುಸೋಗೆಗೆ ಅಂತಹ ಕಾಪಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಅನಾದರವನ್ನು ತೊರೆದು, ಅದರ ಗುಣವನ್ನೂ ಮಿತಿಯನ್ನೂ ಅರಿತ ಮನೆಯವರೇ ಅದಕ್ಕೆ ಕಾವಲು.