ಶಿವಮೊಗ್ಗದ ಮಗಳು, ಮಜಗಾಂವ್‌ನ ಶಾಲೆ

ರಾಜರಾಜೇಶ್ವರಿನಗರದ ಕಮಾನು ದಾಟಿ ಮೈಸೂರು ರಸ್ತೆಯಲ್ಲಿ ಪೇಟೆಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಬೆಂಗಳೂರಿನ ಯಹೂದಿಗಳ ಸ್ಮಶಾನ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗ ಅದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾಂತ ಅಂಗಡಿ ನಡೆಸಿದ ರೂಬಿನ್ ಮೋಸೆಸ್ ಅವರ ಮನೆತನವೂ ಸೇರಿ ಬೆರಳೆಣಿಕೆಯ ಕುಟುಂಬಗಳಷ್ಟೇ ಇಲ್ಲಿದ್ದವು. ಅವರಿಗೆ ಸ್ಮಶಾನ ಬೇಕಾಯಿತು. ಶಾಲೆ ತೆರೆಯುವಷ್ಟು ಮಕ್ಕಳು ಇರಲಿಲ್ಲ. ಆದರೂ ಭಾರತದ ಯಹೂದಿ ಶಾಲೆಗಳ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಒಂದು ಪಾಲಿದೆ. ನಮ್ಮ ಬಡಾವಣೆಯಲ್ಲೂ ಶಾಲೆಯೊಂದು ಇರುವಾಗ ಅದನ್ನು ನೆನೆಯುವುದು ಹೊರಗಿನವರ ಕಥೆ ಎಂದಲ್ಲ, ನಮಗೂ ತಾಗುವ ಪ್ರಶ್ನೆಯೊಂದು ಅದರಲ್ಲಿದೆ ಎಂದು.

ಕೊಂಕಣದ ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡು, ಮರಾಠಿ ಮಾತಾಡಿಕೊಂಡು ಬಾಳಿದವರು ಬೆನೆ ಇಸ್ರೇಲಿಗಳೆಂಬ ಯಹೂದಿಗಳು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದೇ ಕರೆದರು. ಹದಿನೆಂಟನೆಯ ಶತಮಾನದಲ್ಲಿ ಹಲವರು ಈಸ್ಟ್ ಇಂಡಿಯಾ ಕಂಪನಿಯ ಪಡೆ ಸೇರಿ ಮುಂಬಯಿಗೆ ಬಂದರು. ಅವರಲ್ಲೊಬ್ಬರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಎರಡನೇ ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು. ಕೈದಿ ಇಸ್ರೇಲರ ಕುಲದವನೆಂದು ತಿಳಿದ ಟಿಪ್ಪುವಿನ ತಾಯಿ ಅವರ ಜೀವ ಉಳಿಸಿದರೆಂಬುದು ಸಮುದಾಯದಲ್ಲಿ ನಡೆದು ಬಂದ ನಂಬಿಕೆ. ಬಿಡುಗಡೆಯಾಗಿ ಮರಳಿದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದರು.

ಪ್ರಾರ್ಥನೆಗೆ ಮನೆಯಾಯಿತು, ಆದರೆ ಪ್ರಾರ್ಥನೆಯ ಭಾಷೆ ಓದಬಲ್ಲವರು ವಿರಳ. ಆ ಕೊರತೆಯನ್ನು ಮೊದಲು ತುಂಬಿದವರು ಕ್ರೈಸ್ತ ಮಿಷನರಿಗಳು. ಅಮೆರಿಕನ್ ಮರಾಠಿ ಮಿಷನ್ನಿನ ಶಾಲೆಗಳಲ್ಲಿ, ಮುಂದೆ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ ಅವರ ಬಳಿ ಬೆನೆ ಇಸ್ರೇಲಿ ಹುಡುಗರು ಹೀಬ್ರೂ ಕಲಿತರು. 1832ರಲ್ಲಿ ವಿಲ್ಸನ್ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಬರೆದರು. ಮಕ್ಕಳು ಅಕ್ಷರ ತೆಗೆದುಕೊಂಡರು. ಮತ ಬದಲಿಸಿದವರು ಬಹಳ ಕಡಿಮೆ. ಹಾಗಿದ್ದರೂ ಮಕ್ಕಳ ವಿದ್ಯೆ ಪರರ ಕೈಯಲ್ಲಿದೆ ಎಂಬ ಅಳುಕು ಹಿರಿಯರಲ್ಲಿ ಉಳಿಯಿತು.

ಈ ಅಳುಕಿಗೆ ಉತ್ತರ 1875ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇಸ್ರೇಲೈಟ್ ಸ್ಕೂಲ್. ಮುಂದೆ ನಿಂತು ಕಟ್ಟಿದವರು ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್. ಹೀಬ್ರೂ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದೇ ಸೂರಿನಡಿ ಕಲಿಸಿದ್ದು ಈ ಶಾಲೆಯ ವಿಶೇಷ. ಲಂಡನ್ನಿನ ಆಂಗ್ಲೋ-ಜ್ಯೂಯಿಶ್ ಅಸೋಸಿಯೇಷನ್ ನೆರವು ಕೊಟ್ಟಿತು. 1892ರ ಹೊತ್ತಿಗೆ ಅದು ಹೈಸ್ಕೂಲಾಯಿತು. ತಮ್ಮ ಜನರ ಚರಿತ್ರೆಯನ್ನೂ ಕೆಹಿಮ್‌ಕರ್ ಬರೆದಿಟ್ಟರು. ಅದು ಅಚ್ಚಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1937ರಲ್ಲಿ.

ಇಲ್ಲಿ ಬರುತ್ತಾರೆ ಶಿವಮೊಗ್ಗದ ಮಗಳು. ರೆಬೆಕಾ ರೂಬೆನ್ 1889ರಲ್ಲಿ ಹುಟ್ಟಿದ್ದು ಮೈಸೂರು ಸಂಸ್ಥಾನದ ಶಿವಮೊಗ್ಗ ಸೀಮೆಯಲ್ಲಿ. ಓದಿದ್ದು ಪುಣೆಯ ಹುಜೂರ್‌ಪಾಗಾ ಬಾಲಕಿಯರ ಶಾಲೆಯಲ್ಲಿ. 1905ರ ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. ಹೆಣ್ಣುಮಕ್ಕಳು ಪರೀಕ್ಷೆಗೆ ಕೂರುವುದೇ ಸುದ್ದಿಯಾಗಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಅಧ್ಯಾಪನದ ತರಬೇತಿ ಪಡೆದು ಮರಳಿದವರು 1922ರಲ್ಲಿ ಇಸ್ರೇಲೈಟ್ ಸ್ಕೂಲಿನ ಪ್ರಿನ್ಸಿಪಾಲರಾಗಿ, 1950ರವರೆಗೆ ಅದನ್ನು ನಡೆಸಿದರು. ಸಮುದಾಯಕ್ಕಾಗಿ ವಾರ್ಷಿಕ ಸಂಚಿಕೆ ಹೊರತಂದರು. ಅವರು ಬರೆದ ಇಂಗ್ಲಿಷ್ ಪಠ್ಯಮಾಲೆಯ ಹೆಸರು ‘ಅಶೋಕ್’. ಯಹೂದಿ ಶಾಲೆಯ ಮುಖ್ಯಸ್ಥೆ ಮಕ್ಕಳ ಓದಿಗೆ ಅಶೋಕನ ಹೆಸರಿಟ್ಟದ್ದರಲ್ಲೇ ಆ ಶಾಲೆಯ ಮನಸ್ಸು ತಿಳಿಯುತ್ತದೆ. ಹಾಂಗ್‌ಕಾಂಗ್, ಶಾಂಘೈಗಳಲ್ಲಿ ವ್ಯಾಪಾರ ಬೆಳೆಸಿದ ಬಾಗ್ದಾದ್ ಮೂಲದ ಸರ್ ಎಲಿ ಕದೂರಿ ದೊಡ್ಡ ಕೊಡುಗೆ ಕೊಟ್ಟದ್ದೂ ರೆಬೆಕಾ ಅವರ ಕಾಲದಲ್ಲೇ. 1930ರ ದಶಕದಿಂದ ಮುಂಬಯಿಯ ಮಜಗಾಂವ್‌ನ ಆ ಶಾಲೆಗೆ ಕದೂರಿಯವರದೇ ಹೆಸರು.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. ಕುಟುಂಬಗಳು ಒಂದೊಂದಾಗಿ ಹಡಗು ಹತ್ತಿದವು. 1951ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. 2011ರಲ್ಲಿ ಐದು ಸಾವಿರವೂ ಇಲ್ಲ. ಆದರೆ ಕದೂರಿ ಶಾಲೆಯ ಗಂಟೆ ನಿಲ್ಲಲಿಲ್ಲ. ಸುತ್ತಲಿನ ಬೀದಿಗಳ ಮಕ್ಕಳು, ಬಹುಪಾಲು ಮುಸ್ಲಿಮರು, ಆ ಬೆಂಚುಗಳನ್ನು ತುಂಬಿದರು. ಬೈಕಲಾದ ಜೇಕಬ್ ಸಸೂನ್ ಶಾಲೆಯಲ್ಲೂ, ಕೋಲ್ಕತ್ತದಲ್ಲಿ 1881ರಲ್ಲಿ ತೆರೆದ ಯಹೂದಿ ಬಾಲಕಿಯರ ಶಾಲೆಯಲ್ಲೂ ಹೀಗೇ ಆಯಿತು. ಅತ್ತ ಪಶ್ಚಿಮ ಏಷ್ಯಾದಲ್ಲಿ ಯುದ್ಧದ ಮೇಲೆ ಯುದ್ಧ ನಡೆದರೂ ಇಲ್ಲಿ ಯಹೂದಿ ಹೆಸರಿನ ಶಾಲೆಗೆ ಮುಸ್ಲಿಂ ತಾಯ್ತಂದೆಯರು ಮಗುವನ್ನು ಸೇರಿಸುವುದು ಬಿಡಲಿಲ್ಲ. ಅವರು ನೋಡಿದ್ದು ಶಾಲೆ ಮನೆಗೆ ಹತ್ತಿರವೇ, ಕಲಿಸುವವರು ಒಳ್ಳೆಯವರೇ ಎಂಬುದನ್ನು.

ನಮ್ಮ ನಗರದ ಬಡಾವಣೆಗಳೂ ಹೀಗೇ ಬೆಳೆದವು. ಬಿಇಎಂಎಲ್ ಬಡಾವಣೆಯೆಂದರೆ ಒಂದು ಕಾರ್ಖಾನೆಯ ಹೆಸರು. ಇಂದು ಆ ಹೆಸರಿನ ರಸ್ತೆಗಳಲ್ಲಿ ಮನೆ ಮಾಡಿರುವವರಲ್ಲಿ ಕಾರ್ಖಾನೆಯ ಗೇಟು ಕಾಣದವರೇ ಹೆಚ್ಚು. ಮೆಟ್ರೊ ಬಂದ ಮೇಲಂತೂ ಎಲ್ಲೆಲ್ಲಿಯವರೋ ನೆಲೆಸುತ್ತಿದ್ದಾರೆ. ಒಂದು ಜಾತಿ, ಒಂದು ಮಠ, ಒಂದು ಟ್ರಸ್ಟ್ ತನ್ನ ಮಕ್ಕಳಿಗೆಂದು ತೆರೆದ ಶಾಲೆಗೆ ಯಾವ ಊರಿನಲ್ಲೂ ಈ ಘಳಿಗೆ ಬರುತ್ತದೆ: ಕಟ್ಟಿದವರ ಮೊಮ್ಮಕ್ಕಳು ಬೇರೆ ಕಡೆ ಓದುತ್ತಾರೆ, ದಾಖಲಾತಿ ಪುಸ್ತಕದಲ್ಲಿ ಹೊಸ ಹೆಸರುಗಳು ತುಂಬುತ್ತವೆ. ಆಗ ಆಡಳಿತ ಮಂಡಳಿಯ ಮುಂದೆ ಎರಡು ದಾರಿ. ಬಾಗಿಲು ಕಿರಿದು ಮಾಡಿ ಹೆಸರಷ್ಟನ್ನೇ ಕಾಯುವುದು ಒಂದು. ಬಾಗಿಲು ಹಾಗೇ ತೆರೆದಿಟ್ಟು, ಬಂದ ಮಗುವಿಗೆ ಕಟ್ಟಿದವರ ಕಥೆಯನ್ನೂ ಹೇಳಿಕೊಡುವುದು ಇನ್ನೊಂದು. ಮಜಗಾಂವ್‌ನವರು ಬಾಗಿಲು ತೆರೆದಿಟ್ಟರು. ಕೆಹಿಮ್‌ಕರ್ ಕಟ್ಟಿದ ಶಾಲೆ ನೂರೈವತ್ತು ವರ್ಷ ಬಾಳಿದ್ದು ಅದರಿಂದಲೇ. ನಮ್ಮ ಶಾಲೆಯೂ ಅಷ್ಟು ಬಾಳಬೇಕೆಂದರೆ ಮುಂದಿನ ಸಾಲಿನ ಪ್ರವೇಶ ಪಟ್ಟಿಯನ್ನು ನಾವು ಅದೇ ಕಣ್ಣಿನಿಂದ ನೋಡಬೇಕು.